ಮುಟ್ಟು ಮುಗಿದ ಮೇಲೆ ಏಳು ದಿನ ‘ಸೇಫ್’ ಎನ್ನುವುದು ನಿಜವೇ? ಫಲವತ್ತತೆಯ ಚಾರ್ಟ್ ಬರೆಯುವುದು ಹೇಗೆ?

ಕಾರವಾರ ಮತ್ತು ಅಂಕೋಲಾ ನಡುವಿನ ಅಮದಳ್ಳಿಯಿಂದ ಓದುಗರೊಬ್ಬರು ವಾಟ್ಸಾಪ್‌ನಲ್ಲಿ ಬಂದ ಒಂದು ಚಿತ್ರವನ್ನು ನಮಗೆ ಕಳುಹಿಸಿ, ‘ಇದನ್ನು ನಂಬಬಹುದೇ?’ ಎಂದು ಕೇಳಿದ್ದಾರೆ. ಚಿತ್ರದಲ್ಲಿ 28 ಮನೆಗಳ ಒಂದು ಕ್ಯಾಲೆಂಡರ್ ಇದೆ. ನಡುವಿನ ಕೆಲವು ಮನೆಗಳಿಗೆ ಕೆಂಪು ಬಣ್ಣ, ಉಳಿದವಕ್ಕೆ ಹಸಿರು. ಕೆಳಗೆ ಬರೆದಿರುವುದು ಇಷ್ಟು: ‘ಮುಟ್ಟು ಮುಗಿದ ಮೇಲೆ 7 ದಿನ, ಮುಂದಿನ ಮುಟ್ಟಿಗೆ ಮೊದಲು 7 ದಿನ ಪೂರ್ತಿ ಸೇಫ್. ಮಾತ್ರೆ ಬೇಡ, ಕಾಪರ್-ಟಿ ಬೇಡ. ಎಲ್ಲ ಅಕ್ಕತಂಗಿಯರಿಗೂ ಕಳುಹಿಸಿ.’

ಪ್ರಶ್ನೆ ಕೇಳಿದವರಿಗೆ ಇಬ್ಬರು ಮಕ್ಕಳಿದ್ದಾರೆ. ಗಂಡ ಬೈತಖೋಲ ಬಂದರಿನಿಂದ ಹೊರಡುವ ಬೋಟಿನಲ್ಲಿ ಕೆಲಸ ಮಾಡುತ್ತಾರೆ. ಬೋಟು ದಡಕ್ಕೆ ಬಂದಾಗ ಮಾತ್ರ ಮನೆ. ಮಾತ್ರೆ ತಮಗೆ ಒಗ್ಗುವುದಿಲ್ಲ, ಮೂರನೆಯ ಮಗು ಈಗ ಬೇಡ, ಈ ಚಿತ್ರವನ್ನು ನೋಡಿಕೊಂಡೇ ನಡೆದರೆ ಸಾಕೇ ಎನ್ನುವುದು ಅವರ ಪ್ರಶ್ನೆ. ಇಂಥದ್ದೇ ಪ್ರಶ್ನೆ ಹಲವು ಮನೆಗಳಲ್ಲಿ ಇರಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತಿದ್ದೇವೆ.

ಚುಟುಕು ಉತ್ತರ

ಸಾಕಾಗುವುದಿಲ್ಲ. ಹೆಣ್ಣಿನ ದೇಹದಲ್ಲಿ ಗರ್ಭ ನಿಲ್ಲುವ ದಿನಗಳು ಮತ್ತು ನಿಲ್ಲದ ದಿನಗಳು ಇರುವುದು ನಿಜ. ದೇಹದ ಗುರುತುಗಳನ್ನು ನೋಡಿ ಆ ದಿನಗಳನ್ನು ಗುರುತಿಸಲು ಕಲಿಯಬಹುದು ಎನ್ನುವುದೂ ನಿಜ. ಇದಕ್ಕೆ ನೈಸರ್ಗಿಕ ಕುಟುಂಬ ಯೋಜನೆ ಎನ್ನುತ್ತಾರೆ. ಆದರೆ ಎಲ್ಲರಿಗೂ ಹೊಂದುವ ಒಂದೇ ಕ್ಯಾಲೆಂಡರ್ ಇಲ್ಲ. ಒಬ್ಬರ ಚಾರ್ಟ್ ಅವರೊಬ್ಬರದ್ದೇ, ಅದನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಲು ಬರುವುದಿಲ್ಲ.

ಗರ್ಭ ನಿಲ್ಲುವುದು ಎಷ್ಟು ದಿನ?

ಪ್ರತಿ ಋತುಚಕ್ರದಲ್ಲಿ ಅಂಡಾಶಯದಿಂದ ಸಾಮಾನ್ಯವಾಗಿ ಒಂದು ಅಂಡಾಣು ಹೊರಬರುತ್ತದೆ. ಇದೇ ಅಂಡೋತ್ಪತ್ತಿ. ಹೊರಬಂದ ಅಂಡಾಣು ಹೆಚ್ಚೆಂದರೆ ಒಂದು ದಿನ, ಅಂದರೆ 12ರಿಂದ 24 ಗಂಟೆ ಜೀವಂತ ಇರುತ್ತದೆ. ಆದರೆ ಗಂಡಿನ ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಿರಬಲ್ಲದು. ಸೋಮವಾರ ಸೇರಿದ ದಂಪತಿಗೆ ಶುಕ್ರವಾರ ಅಥವಾ ಶನಿವಾರ ಗರ್ಭ ನಿಲ್ಲುವುದು ಸಾಧ್ಯ.

ಅಮೆರಿಕದ ಸಂಶೋಧಕ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಮಗು ಬಯಸುತ್ತಿದ್ದ 221 ಮಹಿಳೆಯರನ್ನು ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದ ವರದಿ ಇದನ್ನೇ ಹೇಳುತ್ತದೆ. ಗರ್ಭ ನಿಂತದ್ದೆಲ್ಲ ಒಟ್ಟು ಆರು ದಿನಗಳ ಅವಧಿಯಲ್ಲಿ: ಅಂಡೋತ್ಪತ್ತಿಯ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ.

ಹಾಗಾದರೆ ಆರು ದಿನ ಬಿಟ್ಟರೆ ಸಾಕಲ್ಲ ಎನ್ನಿಸಬಹುದು. ಅಂಡಾಣು ಹೊರಬರುವ ದಿನ ಮೊದಲೇ ಗೊತ್ತಿದ್ದರೆ ಅಷ್ಟೇ ಸಾಕಿತ್ತು. ಅದು ಮೊದಲೇ ಗೊತ್ತಾಗುವುದಿಲ್ಲ ಎನ್ನುವುದೇ ಸಮಸ್ಯೆ.

ಫಾರ್ವರ್ಡ್‌ನ ಲೆಕ್ಕ ಎಲ್ಲಿ ತಪ್ಪಿದೆ?

ಮುಟ್ಟಾದ ಮೊದಲ ದಿನವನ್ನು 1 ಎಂದು ಎಣಿಸಬೇಕು. ಮುಟ್ಟು ನಿಂತ ದಿನದಿಂದ ಎಣಿಸುವುದು ತಪ್ಪು. ಅಂಡೋತ್ಪತ್ತಿಯಾದ ಸುಮಾರು 10ರಿಂದ 16 ದಿನಗಳಲ್ಲಿ ಮುಂದಿನ ಮುಟ್ಟು ಬರುತ್ತದೆ. ಚಕ್ರದ ಈ ಎರಡನೆಯ ಭಾಗ ಹೆಚ್ಚು ಏರುಪೇರಾಗುವುದಿಲ್ಲ. ಏರುಪೇರಾಗುವುದು ಮೊದಲ ಭಾಗ. ಮೂರು ಉದಾಹರಣೆ ನೋಡೋಣ. ಮೂರರಲ್ಲೂ ಅಂಡೋತ್ಪತ್ತಿ ಮುಂದಿನ ಮುಟ್ಟಿಗೆ 14 ದಿನ ಮೊದಲು ಆಗಿದೆ ಎಂದುಕೊಳ್ಳಿ.

• 28 ದಿನದ ಚಕ್ರ: ಅಂಡೋತ್ಪತ್ತಿ 14ನೇ ದಿನ. ಗರ್ಭ ನಿಲ್ಲಬಹುದಾದ ದಿನಗಳು 9ರಿಂದ 14.
• 24 ದಿನದ ಚಕ್ರ: ಅಂಡೋತ್ಪತ್ತಿ 10ನೇ ದಿನ. ಗರ್ಭ ನಿಲ್ಲಬಹುದಾದ ದಿನಗಳು 5ರಿಂದ 10.
• 36 ದಿನದ ಚಕ್ರ: ಅಂಡೋತ್ಪತ್ತಿ 22ನೇ ದಿನ. ಗರ್ಭ ನಿಲ್ಲಬಹುದಾದ ದಿನಗಳು 17ರಿಂದ 22.

ಈಗ ಫಾರ್ವರ್ಡ್‌ಗೆ ಬನ್ನಿ. ಮುಟ್ಟು 5 ದಿನ ಇದ್ದರೆ, ಆ ಚಿತ್ರದ ಪ್ರಕಾರ 6ರಿಂದ 12ರವರೆಗೆ ಸೇಫ್. ಸರಿಯಾಗಿ 28 ದಿನಕ್ಕೆ ಮುಟ್ಟಾಗುವವರಿಗೂ ಇದರಲ್ಲಿ 9, 10, 11, 12 ಗರ್ಭ ನಿಲ್ಲುವ ದಿನಗಳು. 24 ದಿನದ ಚಕ್ರದವರಿಗಂತೂ ಮುಟ್ಟಿನ ಕೊನೆಯ ದಿನವೇ ಅಪಾಯದ ಮೊದಲ ದಿನ.

‘ಮುಟ್ಟಿಗೆ ಮೊದಲು 7 ದಿನ’ ಎನ್ನುವ ಇನ್ನೊಂದು ಭಾಗ ಕೇಳಲು ಸರಿಯೆನಿಸುತ್ತದೆ. ಆದರೆ ಮುಂದಿನ ಮುಟ್ಟು ಯಾವತ್ತು ಎನ್ನುವುದು ಅದು ಬಂದ ಮೇಲೆ ಮಾತ್ರ ಖಚಿತ. ಜ್ವರ, ಚಿಂತೆ, ನಿದ್ದೆಗೇಡು, ಪ್ರಯಾಣದಿಂದ ಅಂಡೋತ್ಪತ್ತಿ ಒಂದು ವಾರ ಮುಂದಕ್ಕೆ ಹೋದರೆ, ನೀವು ಸೇಫ್ ಎಂದುಕೊಂಡ ದಿನವೇ ಅಂಡಾಣು ಹೊರಬರಬಹುದು.

28 ದಿನದ ಚಕ್ರವೇ ಎಲ್ಲರದ್ದು ಎನ್ನುವುದೂ ಸರಿಯಲ್ಲ. ಮೊಬೈಲ್ ಆ್ಯಪ್ ಒಂದರಲ್ಲಿ ದಾಖಲಾದ 6 ಲಕ್ಷಕ್ಕೂ ಹೆಚ್ಚು ಋತುಚಕ್ರಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರಿಯಾಗಿ 28 ದಿನ ಇದ್ದವು ನೂರಕ್ಕೆ ಸುಮಾರು 13 ಮಾತ್ರ.

ಇದೇ ಪಾಠವನ್ನು ರಾಮನಗರ ಕಲಿಸಿತ್ತು

ಬಣ್ಣ ನೋಡಿ ದಿನ ತಿಳಿಯುವ ಉಪಾಯ ವಾಟ್ಸಾಪ್‌ನಿಂದ ಶುರುವಾದದ್ದಲ್ಲ. ಅದರ ಒಂದು ದೊಡ್ಡ ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆದಿತ್ತು.

ಜಪಾನಿನ ವೈದ್ಯ ಕ್ಯುಸಾಕು ಓಗಿನೊ ಮತ್ತು ಆಸ್ಟ್ರಿಯಾದ ಹರ್ಮನ್ ಕ್ನಾಸ್ 1920ರ ದಶಕದಲ್ಲಿ ಬೇರೆಬೇರೆಯಾಗಿ, ಅಂಡೋತ್ಪತ್ತಿ ಯಾವಾಗ ಆಗುತ್ತದೆ ಎನ್ನುವುದನ್ನು ಕಂಡುಕೊಂಡರು. ಅದರ ಆಧಾರದಲ್ಲಿ ದಿನ ಎಣಿಸುವ ವಿಧಾನ ಹುಟ್ಟಿತು. ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ಸ್ವಾತಂತ್ರ್ಯದ ನಂತರ, ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಭಾರತಕ್ಕೆ ಬಂದರು. ದಿನ ಎಣಿಸುವ ವಿಧಾನವನ್ನು ಜನ ಕಲಿತು ಪಾಲಿಸುತ್ತಾರೆಯೇ ಎಂದು ನೋಡಲು 1950ರ ದಶಕದ ಆರಂಭದಲ್ಲಿ ಎರಡು ಕಡೆ ಪ್ರಯೋಗ ನಡೆಯಿತು. ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ.

ಓದು ಬರಹ ಬಾರದವರಿಗೆ ಅನುಕೂಲವಾಗಲೆಂದು ಬಣ್ಣದ ಮಣಿಗಳ ಸರ ಮಾಡಿ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಗರ್ಭ ನಿಲ್ಲದ ದಿನ, ಕೆಂಪು ಬಂದರೆ ದೂರ ಇರಬೇಕಾದ ದಿನ. ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ ಎಂಬ ದೂರು ಬಂದಾಗ ಮಣಿಗಳ ಆಕಾರವನ್ನೂ ಬದಲಿಸಿದರು. ಮಣಿ ಸರಿಸಿದರೆ ಸಾಕು, ಸರವೇ ಗರ್ಭ ತಡೆಯುತ್ತದೆ ಎಂದು ಕೆಲವರು ತಿಳಿದುಕೊಂಡಿದ್ದರು ಎನ್ನುವ ಮಾತೂ ಆ ಕಾಲದ ಬರಹಗಳಲ್ಲಿ ಬರುತ್ತದೆ. ಕಲಿಯಲು ಆಸಕ್ತಿ ತೋರಿಸಿದವರು ಬಹಳ ಮಂದಿ. ಕೊನೆಯವರೆಗೆ ನಿಯಮದಂತೆ ಪಾಲಿಸಿದವರು ಕೆಲವೇ ಮಂದಿ.

ಇದನ್ನು ಕೇಳಿ ಆ ಹೆಂಗಸರನ್ನು ನೋಡಿ ನಗುವಂತಿಲ್ಲ. ಹಸಿರು ಮನೆ ನೋಡಿ ‘ಸೇಫ್’ ಎಂದುಕೊಳ್ಳುವ ನಾವೂ ಮಾಡುತ್ತಿರುವುದು ಅದನ್ನೇ.

ಮಣಿಸರದ ಉಪಾಯ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ತಿದ್ದಿ ಹೊಸ ಸರ ರೂಪಿಸಿದರು. ಜಾರ್ಖಂಡ್‌ನಲ್ಲಿ ಅದನ್ನು ‘ಮಾಲಾ ಚಕ್ರ’ ಎಂಬ ಹೆಸರಿನಲ್ಲಿ ಪರಿಚಯಿಸಲಾಯಿತು. ಅದರ ನಿಯಮ ಕಟ್ಟುನಿಟ್ಟು: ಚಕ್ರ ಪ್ರತಿ ಸಲ 26ರಿಂದ 32 ದಿನದೊಳಗೆ ಇರುವವರಿಗೆ ಮಾತ್ರ ಇದು ಸಲ್ಲುತ್ತದೆ. ಅವರು 8ರಿಂದ 19ನೇ ದಿನದವರೆಗೆ, ಒಟ್ಟು 12 ದಿನ, ದೂರ ಇರಬೇಕು ಅಥವಾ ಕಾಂಡೋಮ್ ಬಳಸಬೇಕು. ಫಲವತ್ತಾದ ದಿನ ಆರೇ ಆದರೂ 12 ದಿನ ಬಿಡುವುದು ಏಕೆಂದರೆ, ಆ ಆರು ದಿನ ಯಾವ ಸಲ ಎಲ್ಲಿ ಬರುತ್ತವೆ ಎಂದು ದಿನದ ಲೆಕ್ಕದಿಂದ ಹೇಳಲಾಗುವುದಿಲ್ಲ.

ಬೆಂಗಳೂರು ಸೇರಿದ್ದ ಇನ್ನೊಂದು ಅಧ್ಯಯನ

ದಿನ ಎಣಿಸುವ ಬದಲು ದೇಹದ ಗುರುತುಗಳನ್ನೇ ನೋಡಿದರೆ ಹೇಗೆ? ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ಹೀಗೆ ಯೋಚಿಸಿ, ಗರ್ಭಕೋಶದ ಬಾಯಿಯಿಂದ ಬರುವ ಲೋಳೆಯನ್ನು ಗಮನಿಸುವ ವಿಧಾನ ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಐದು ಊರುಗಳಲ್ಲಿ ಪರೀಕ್ಷಿಸಿತು. ನ್ಯೂಜಿಲೆಂಡ್‌ನ ಆಕ್ಲೆಂಡ್, ಐರ್ಲೆಂಡ್‌ನ ಡಬ್ಲಿನ್, ಫಿಲಿಪ್ಪೀನ್ಸ್‌ನ ಮನಿಲಾ, ಎಲ್ ಸಾಲ್ವಡಾರ್‌ನ ಸಾನ್ ಮಿಗೆಲ್ ಜೊತೆಗೆ ನಮ್ಮ ಬೆಂಗಳೂರು.

1981ರಲ್ಲಿ ಪ್ರಕಟವಾದ ಇದರ ಫಲಿತಾಂಶದಲ್ಲಿ ಎರಡು ಮುಖ್ಯ ಸಂಗತಿಗಳಿವೆ. ಮೊದಲನೆಯದು: ಕಲಿಯಲು ಸೇರಿದ 869 ಮಹಿಳೆಯರಲ್ಲಿ ನೂರಕ್ಕೆ 93 ಮಂದಿ ಮೊದಲ ತಿಂಗಳಲ್ಲೇ ತಮ್ಮ ಲೋಳೆಯ ಬದಲಾವಣೆಯನ್ನು ಸರಿಯಾಗಿ ಗುರುತಿಸಿ ಬರೆದರು. ಎರಡನೆಯದು: ವಿಧಾನವನ್ನು ಬಳಸಿದವರಲ್ಲಿ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 22 ಮಂದಿಗೆ ಗರ್ಭ ನಿಂತಿತು. ಬಹುಪಾಲು ಸಂದರ್ಭಗಳಲ್ಲಿ, ಇದು ಫಲವತ್ತಾದ ದಿನ ಎಂದು ಗೊತ್ತಿದ್ದೂ ನಿಯಮ ಮೀರಲಾಗಿತ್ತು. ಇದೇ ಅಂಕಿಗಳನ್ನು 1990ರಲ್ಲಿ ಮತ್ತೆ ಪರಿಶೀಲಿಸಿದಾಗ, ನಿಯಮವನ್ನು ಒಂದು ಸಲವೂ ಮೀರದವರಲ್ಲಿ ವೈಫಲ್ಯ ವರ್ಷಕ್ಕೆ ನೂರಕ್ಕೆ ಸುಮಾರು 3 ಮಾತ್ರ ಎಂದು ಕಂಡುಬಂತು.

ಗುರುತು ಕಲಿಯುವುದು ಕಷ್ಟವಲ್ಲ ಎಂದಾಯಿತು. ಪಾಲಿಸುವುದು ಕಷ್ಟ, ಅದು ಇಬ್ಬರ ಕೆಲಸ.

ಚಾರ್ಟ್ ಬರೆಯುವುದು ಹೇಗೆ?

ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಪ್ರತಿ ಮುಟ್ಟಿಗೆ ಒಂದು ಹೊಸ ಪುಟ. ದಿನದ ಸಂಖ್ಯೆ, ತಾರೀಖು, ಮುಟ್ಟು, ಲೋಳೆ, ಉಷ್ಣಾಂಶ, ಇತರ ಎಂದು ಸಾಲು ಹಾಕಿಕೊಳ್ಳಿ.

1. ಮುಟ್ಟು. ರಕ್ತಸ್ರಾವ ಶುರುವಾದ ದಿನ 1. ನಿಂತ ದಿನವನ್ನೂ ಗುರುತಿಸಿ.

2. ಲೋಳೆ. ಬಚ್ಚಲಿಗೆ ಹೋದಾಗಲೆಲ್ಲ, ನೀರು ಹಾಕುವ ಮೊದಲು, ಶುಭ್ರ ಬಟ್ಟೆ ಅಥವಾ ಟಿಶ್ಯೂವಿನಿಂದ ಒರೆಸಿ ನೋಡಿ. ಒಣಗಿದೆಯೇ, ಒದ್ದೆಯೇ, ಜಾರುತ್ತದೆಯೇ? ಒಳಗೆ ಬೆರಳು ಹಾಕಿ ನೋಡಬೇಕಾಗಿಲ್ಲ. ಇಡೀ ದಿನದಲ್ಲಿ ಕಂಡ ಅತಿ ಒದ್ದೆಯ ಗುರುತನ್ನು ರಾತ್ರಿ ಬರೆಯಿರಿ. ಹೆಚ್ಚಿನವರಲ್ಲಿ ಕ್ರಮ ಹೀಗಿರುತ್ತದೆ: ಮುಟ್ಟು ನಿಂತ ಮೇಲೆ ಕೆಲವು ದಿನ ಒಣ. ಆಮೇಲೆ ಅಂಟಂಟಾದ ಮಂದ ಲೋಳೆ. ಆಮೇಲೆ ತೆಳುವಾದ, ಜಾರುವ, ಹಸಿ ಮೊಟ್ಟೆಯ ಬಿಳಿಯಂತೆ ಎರಡು ಬೆರಳ ನಡುವೆ ಎಳೆದರೆ ನೂಲಾಗುವ ಲೋಳೆ. ಇದು ಫಲವತ್ತತೆಯ ದೊಡ್ಡ ಗುರುತು. ವೀರ್ಯಾಣು ಬದುಕುವುದೂ ಮೇಲೆ ಸಾಗುವುದೂ ಇದರಲ್ಲೇ. ನಂತರ ಲೋಳೆ ಥಟ್ಟನೆ ಮಂದವಾಗುತ್ತದೆ ಅಥವಾ ಒಣಗುತ್ತದೆ. ಜಾರುವ ಲೋಳೆ ಕಂಡ ಕೊನೆಯ ದಿನಕ್ಕೆ ‘ಶಿಖರದ ದಿನ’ ಎನ್ನುತ್ತಾರೆ. ಅದು ಶಿಖರವಾಗಿತ್ತು ಎಂದು ಗೊತ್ತಾಗುವುದು ಮರುದಿನವೇ.

3. ಉಷ್ಣಾಂಶ. ಬೆಳಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆ ಬಿಟ್ಟು ಏಳುವ ಮೊದಲು, ನೀರು ಚಹಾ ಏನೂ ಕುಡಿಯದೆ, ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ಅಳೆಯಬೇಕು. ಮೊದಲು ಕನಿಷ್ಠ ಮೂರು ಗಂಟೆ ನಿದ್ದೆ ಆಗಿರಬೇಕು. ಪ್ರತಿದಿನ ಒಂದೇ ಹೊತ್ತು, ಒಂದೇ ಥರ್ಮಾಮೀಟರ್. ಅಂಡೋತ್ಪತ್ತಿಯ ನಂತರ ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಉಷ್ಣಾಂಶ ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ ಮುಂದಿನ ಮುಟ್ಟಿನವರೆಗೆ ಹಾಗೇ ಇರುತ್ತದೆ. ಏರಿಕೆ ಇಷ್ಟು ಸಣ್ಣದಾದ್ದರಿಂದ ಎರಡು ದಶಮಾಂಶ ತೋರಿಸುವ ಥರ್ಮಾಮೀಟರ್ ಉತ್ತಮ. ಹಣೆಗೆ ಹಿಡಿಯುವ ಗನ್ ಇದಕ್ಕೆ ಆಗುವುದಿಲ್ಲ.

ನೆನಪಿಡಿ: ಉಷ್ಣಾಂಶ ಏರಿತೆಂದರೆ ಅಂಡೋತ್ಪತ್ತಿ ಆಗಿಹೋಗಿದೆ ಎಂದರ್ಥ, ಮುಂದೆ ಆಗಲಿದೆ ಎಂದಲ್ಲ. ಮುನ್ಸೂಚನೆ ಕೊಡುವುದು ಲೋಳೆ, ಖಚಿತಪಡಿಸುವುದು ಉಷ್ಣಾಂಶ. ಅದಕ್ಕೇ ಎರಡನ್ನೂ ಬರೆಯುವುದು ಒಳ್ಳೆಯದು.

ಒಂದು ಮಾದರಿ

ಇದು ತಿಳಿಯಲಷ್ಟೇ. ಈ ಸಂಖ್ಯೆಗಳನ್ನು ನಿಮ್ಮದೆಂದು ತಿಳಿದುಕೊಳ್ಳಬೇಡಿ.

• ದಿನ 1–5: ಮುಟ್ಟು. ಉಷ್ಣಾಂಶ 36.3 ರಿಂದ 36.5.
• ದಿನ 6–9: ಒಣ. ಉಷ್ಣಾಂಶ ಅಷ್ಟೇ.
• ದಿನ 10–12: ಅಂಟು ಲೋಳೆ. ಫಲವತ್ತಾದ ದಿನಗಳು ಶುರು.
• ದಿನ 13–16: ಜಾರುವ, ನೂಲೆಳೆಯುವ ಲೋಳೆ. 16 ಶಿಖರದ ದಿನ.
• ದಿನ 17: ಲೋಳೆ ಮಂದ. ಉಷ್ಣಾಂಶ ಇನ್ನೂ 36.4.
• ದಿನ 18–20: ಒಣ. ಉಷ್ಣಾಂಶ 36.7, 36.7, 36.8.
• ದಿನ 20ರ ರಾತ್ರಿಯಿಂದ 30: ಗರ್ಭ ನಿಲ್ಲದ ದಿನಗಳು. ಮರುದಿನ ಹೊಸ ಮುಟ್ಟು.

ಪಾಲಿಸಬೇಕಾದ ನಿಯಮಗಳು

ಗರ್ಭ ಬೇಡ ಎನ್ನುವವರಿಗೆ ಸಾಮಾನ್ಯವಾಗಿ ಕಲಿಸುವ ನಿಯಮಗಳು ಇವು.

• ಕಲಿಯುವ ಮೊದಲ ಪೂರ್ತಿ ಚಕ್ರದಲ್ಲಿ ಚಾರ್ಟ್ ಬರೆಯಿರಿ, ಆದರೆ ಅದನ್ನು ನಂಬಿ ಸೇರಬೇಡಿ.
• ಯಾವುದೇ ಬಗೆಯ ಲೋಳೆ ಕಂಡ ಕೂಡಲೇ ಫಲವತ್ತಾದ ದಿನ ಶುರುವಾಯಿತು ಎಂದು ತಿಳಿಯಿರಿ.
• ಶಿಖರದ ದಿನದ ನಂತರ ಮೂರು ಪೂರ್ತಿ ದಿನ ಕಾಯಿರಿ. ಜೊತೆಗೆ, ಹಿಂದಿನ ಆರು ದಿನಗಳಿಗಿಂತ ಹೆಚ್ಚಿನ ಉಷ್ಣಾಂಶ ಸತತ ಮೂರು ದಿನ ದಾಖಲಾಗಬೇಕು. ಎರಡರಲ್ಲಿ ಯಾವುದು ತಡವಾಗಿ ಮುಗಿಯುತ್ತದೋ ಅಲ್ಲಿಯವರೆಗೆ ಕಾಯಿರಿ.
• ಶಿಖರಕ್ಕೆ ಮೊದಲಿನ ಒಣ ದಿನಗಳಲ್ಲಿ ರಾತ್ರಿ ಮಾತ್ರ, ಅದೂ ದಿನ ಬಿಟ್ಟು ದಿನ. ಮರುದಿನ ಉಳಿದ ವೀರ್ಯ ಲೋಳೆಯಂತೆಯೇ ಕಂಡು ದಾರಿ ತಪ್ಪಿಸುತ್ತದೆ.
• ಮುಟ್ಟಿನ ದಿನಗಳು ಸೇಫ್ ಎಂದುಕೊಳ್ಳಬೇಡಿ. ಚಿಕ್ಕ ಚಕ್ರದವರಲ್ಲಿ ರಕ್ತದ ನಡುವೆ ಲೋಳೆ ಕಾಣುವುದೇ ಇಲ್ಲ.
• ಅನುಮಾನ ಬಂದ ದಿನ ಫಲವತ್ತಾದ ದಿನವೇ.

ಇವನ್ನೆಲ್ಲ ಓದಿ ಕಲಿಯುವುದಕ್ಕಿಂತ, ತರಬೇತಿ ಇರುವ ನರ್ಸ್ ಅಥವಾ ವೈದ್ಯರ ಎದುರು ಮೂರು ತಿಂಗಳ ಚಾರ್ಟ್ ಇಟ್ಟು ತಿದ್ದಿಸಿಕೊಳ್ಳುವುದು ಬಹಳ ಒಳ್ಳೆಯದು.

ಚಾರ್ಟ್ ಕೆಡಿಸುವ ಸಂಗತಿಗಳು

ಹೊತ್ತಲ್ಲದ ಹೊತ್ತಿನಲ್ಲಿ ಏಳುವುದು. ಒಂದು ದಿನ ಮೀನು ಮಾರಲು ನಸುಕಿನ 4ಕ್ಕೆ ಎದ್ದು, ಮರುದಿನ 7ಕ್ಕೆ ಎದ್ದರೆ ಎರಡು ಉಷ್ಣಾಂಶವನ್ನು ಹೋಲಿಸಲಾಗುವುದಿಲ್ಲ. ಕೈಗಾದಲ್ಲೋ ನೌಕಾನೆಲೆಯಲ್ಲೋ ರಾತ್ರಿ ಪಾಳಿ ಇರುವವರಿಗೂ ಇದೇ ತೊಂದರೆ. ಅಂಥ ದಿನದ ಅಂಕಿಯನ್ನು ಬರೆದು, ಪಕ್ಕದಲ್ಲಿ ಕಾರಣ ಬರೆದು, ಲೆಕ್ಕದಿಂದ ಬಿಡಿ.

ಜ್ವರ. ಮಲೇರಿಯಾ ಇರಲಿ, ನೆಗಡಿ ಜ್ವರ ಇರಲಿ, ಉಷ್ಣಾಂಶದ ಗುರುತು ಹಾಳು. ಅಂಡೋತ್ಪತ್ತಿಯೂ ಮುಂದಕ್ಕೆ ಹೋಗಬಹುದು.

ಮುಟ್ಟು ಮುಂದೂಡುವ ಮಾತ್ರೆ. ಚೌತಿ, ಮದುವೆ, ದೇವರ ಕಾರ್ಯ ಬಂತೆಂದರೆ ಮೆಡಿಕಲ್ ಶಾಪಿನಿಂದ ಈ ಮಾತ್ರೆ ತರುವುದು ಎಲ್ಲ ಊರಿನಲ್ಲೂ ಇದೆ. ಇದು ಹಾರ್ಮೋನ್ ಮಾತ್ರೆ. ತೆಗೆದುಕೊಂಡ ತಿಂಗಳ ಚಾರ್ಟ್ ಲೆಕ್ಕಕ್ಕಿಲ್ಲ. ಇನ್ನೂ ಮುಖ್ಯವಾದದ್ದು, ಮುಟ್ಟು ಮುಂದೂಡಲು ಕೊಡುವ ಈ ಮಾತ್ರೆಯನ್ನು ಗರ್ಭನಿರೋಧಕ ಎಂದು ನಂಬುವಂತಿಲ್ಲ.

ಸೋಂಕು. ಬಿಳಿ ಸೆರಗು ಎಂದರೆ ಮೂಳೆ ಕರಗುತ್ತದೆ, ಶಕ್ತಿ ಸೋರುತ್ತದೆ ಎನ್ನುವ ನಂಬಿಕೆ ಇದೆ. ತಿಂಗಳ ನಡುವೆ ಬರುವ, ವಾಸನೆ ತುರಿಕೆ ಇಲ್ಲದ ಜಾರುವ ಲೋಳೆ ರೋಗವಲ್ಲ, ಆರೋಗ್ಯದ ಗುರುತು. ಆದರೆ ದುರ್ವಾಸನೆ, ತುರಿಕೆ, ಉರಿ, ಹಳದಿ ಅಥವಾ ಹಸಿರು ಬಣ್ಣ, ಒಡೆದ ಮೊಸರಿನಂಥ ಸ್ರಾವ ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಅದು ವಾಸಿಯಾಗುವವರೆಗೆ ಲೋಳೆಯ ಗುರುತು ನಂಬಬೇಡಿ.

ಎಷ್ಟು ನಂಬಬಹುದು?

ಒಂದು ವರ್ಷದಲ್ಲಿ ನೂರು ದಂಪತಿಗಳಲ್ಲಿ ಎಷ್ಟು ಮಂದಿಗೆ ಬೇಡದ ಗರ್ಭ ನಿಲ್ಲುತ್ತದೆ ಎಂದು ನೋಡುವುದು ಸರಳ ಅಳತೆ. ಜನ ನಿತ್ಯ ಜೀವನದಲ್ಲಿ, ತಪ್ಪು ಮರೆವು ಎಲ್ಲ ಸೇರಿ, ಬಳಸಿದಾಗಿನ ಅಂದಾಜು ಹೀಗಿದೆ.

• ಏನೂ ಬಳಸದಿದ್ದರೆ: ಸುಮಾರು 85
• ಲೋಳೆ ಮಾತ್ರ ನೋಡುವ ವಿಧಾನ: ಸುಮಾರು 23
• ಕಾಂಡೋಮ್: ಸುಮಾರು 13
• 26–32 ದಿನದ ಚಕ್ರದವರ ಮಣಿಸರ: ಸುಮಾರು 12
• ದಿನನಿತ್ಯದ ಮಾತ್ರೆ: ಸುಮಾರು 7
• ಕಾಪರ್-ಟಿ: 1ಕ್ಕಿಂತ ಕಡಿಮೆ

ಲೋಳೆ ಮತ್ತು ಉಷ್ಣಾಂಶ ಎರಡನ್ನೂ ನೋಡುವ ವಿಧಾನದ ಬಗ್ಗೆ ಜರ್ಮನಿಯಲ್ಲಿ 900 ಮಹಿಳೆಯರ ಅಧ್ಯಯನ ನಡೆದು 2007ರಲ್ಲಿ ಪ್ರಕಟವಾಯಿತು. ಅಲ್ಲಿ ವರ್ಷಕ್ಕೆ ನೂರಕ್ಕೆ 2ಕ್ಕಿಂತ ಕಡಿಮೆ ಗರ್ಭ. ಆದರೆ ಅವರೆಲ್ಲ ಚೆನ್ನಾಗಿ ತರಬೇತಿ ಪಡೆದವರು, ಬಿಡದೆ ಬರೆದವರು. ಆ ಅಂಕಿಯನ್ನು ಒಂದು ಫಾರ್ವರ್ಡ್ ಓದಿ ಶುರುಮಾಡಿದವರಿಗೆ ಅನ್ವಯಿಸುವಂತಿಲ್ಲ.

ಯಾರು ಇದನ್ನೊಂದೇ ನೆಚ್ಚಬಾರದು?

• ಹೆರಿಗೆ ಅಥವಾ ಗರ್ಭಪಾತವಾಗಿ ಮುಟ್ಟು ಇನ್ನೂ ಸರಿಯಾಗದವರು, ಹಾಲುಣಿಸುತ್ತಿರುವವರು. ಮೊದಲ ಮುಟ್ಟಿಗೆ ಮುಂಚೆಯೇ ಅಂಡೋತ್ಪತ್ತಿ ಆಗಬಹುದು.
• ಪಿಸಿಓಡಿ ಅಥವಾ ಥೈರಾಯ್ಡ್‌ನಿಂದ ಮುಟ್ಟು ಏರುಪೇರಾಗುವವರು, ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದವರು.
• ಈಗಷ್ಟೇ ಮಾತ್ರೆ ಅಥವಾ ಗರ್ಭನಿರೋಧಕ ಚುಚ್ಚುಮದ್ದು ಬಿಟ್ಟವರು.
• ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ, ತೀವ್ರ ರಕ್ತದೊತ್ತಡ ಮುಂತಾದ ಕಾರಣಕ್ಕೆ ಗರ್ಭವೇ ಜೀವಕ್ಕೆ ಅಪಾಯ ಎಂದು ವೈದ್ಯರು ಹೇಳಿರುವವರು.
• ‘ಇವತ್ತು ಬೇಡ’ ಎಂದರೆ ಕೇಳದ ಗಂಡ ಇರುವ ಮನೆ. ಚಾರ್ಟ್ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಅದು ಕೆಲಸ ಮಾಡುವುದಿಲ್ಲ. ಇದು ಹೆಂಗಸಿನ ತಪ್ಪಲ್ಲ. ಅಂಥವರಿಗೆ ಕಾಪರ್-ಟಿ ಅಥವಾ ಚುಚ್ಚುಮದ್ದಿನಂಥ, ಗಂಡನ ಒಪ್ಪಿಗೆಗೆ ಕಾಯದ ವಿಧಾನ ಹೆಚ್ಚು ಭದ್ರ.

ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆಗಳನ್ನು ಚಾರ್ಟ್ ತಡೆಯುವುದಿಲ್ಲ. ಅದಕ್ಕೆ ಕಾಂಡೋಮೇ ಬೇಕು.

ನೀವು ಕೇಳಬಹುದಾದ ಪ್ರಶ್ನೆಗಳು

ಮೊಬೈಲ್ ಆ್ಯಪ್ ಹೇಳುವ ಸೇಫ್ ದಿನ ಸರಿಯೇ? ಮುಟ್ಟಿನ ತಾರೀಖು ಮಾತ್ರ ಕೇಳುವ ಆ್ಯಪ್ ಮಾಡುವುದು ಅಂದಾಜು. ಅದೂ ಒಂದು ಕ್ಯಾಲೆಂಡರೇ. ಬರೆದಿಡಲು ಬಳಸಿ, ತೀರ್ಮಾನವನ್ನು ಅದಕ್ಕೆ ಬಿಡಬೇಡಿ.

ಇಂಥ ದಿನ ಸೇರಿದರೆ ಗಂಡು ಮಗು, ಇಂಥ ದಿನ ಹೆಣ್ಣು ಎನ್ನುತ್ತಾರಲ್ಲ? ಸುಳ್ಳು. ಮೇಲೆ ಹೇಳಿದ ವಿಲ್ಕಾಕ್ಸ್ ಅಧ್ಯಯನದಲ್ಲಿ ಸೇರಿದ ದಿನಕ್ಕೂ ಮಗುವಿನ ಲಿಂಗಕ್ಕೂ ಸಂಬಂಧ ಕಾಣಲಿಲ್ಲ.

ಮಗು ಬೇಕೆನ್ನುವವರಿಗೆ ಚಾರ್ಟ್ ಉಪಯೋಗವೇ? ಹೌದು. ಜಾರುವ ಲೋಳೆ ಕಾಣುವ ದಿನಗಳಲ್ಲಿ ಸೇರಿದರೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು. ಒಂದು ವರ್ಷ ಪ್ರಯತ್ನಿಸಿದರೂ ಆಗದಿದ್ದರೆ, ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ, ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿ. ಚಾರ್ಟನ್ನೂ ಜೊತೆಗೆ ಒಯ್ಯಿರಿ, ವೈದ್ಯರಿಗೆ ಅದು ನೆರವಾಗುತ್ತದೆ.

ಫಲವತ್ತಾದ ದಿನ ಸೇರಿಬಿಟ್ಟರೆ? ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು. ಬೇಗ ತೆಗೆದುಕೊಂಡಷ್ಟೂ ಫಲ ಹೆಚ್ಚು. ಮುಟ್ಟು ಒಂದು ವಾರ ತಡವಾದರೆ ಮೂತ್ರ ಪರೀಕ್ಷೆ ಮಾಡಿ. ಅಂಗಡಿಯಿಂದ ಮಾತ್ರೆ ತಂದು ತಾವೇ ಗರ್ಭಪಾತ ಮಾಡಿಕೊಳ್ಳುವುದು ಅಪಾಯ. ಕಾನೂನುಬದ್ಧ, ಸುರಕ್ಷಿತ ಗರ್ಭಪಾತದ ಸೌಲಭ್ಯ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೆ.

ಅಮದಳ್ಳಿಯ ಓದುಗರಿಗೆ ನಮ್ಮ ಉತ್ತರ

ಬೋಟು ದಡಕ್ಕೆ ಬರುವುದು ಮೀನು ಮತ್ತು ಗಾಳಿ ನೋಡಿ. ಅಂಡಾಣು ಹೊರಬರುವುದು ದೇಹದ ಲೆಕ್ಕದಲ್ಲಿ. ಇವೆರಡೂ ಒಂದನ್ನೊಂದು ಕೇಳಿ ನಡೆಯುವುದಿಲ್ಲ. ಗಂಡ ಹಲವು ದಿನದ ಮೇಲೆ ಮನೆಗೆ ಬಂದ ರಾತ್ರಿಯೇ ನಿಮ್ಮ ಚಾರ್ಟಿನಲ್ಲಿ ಜಾರುವ ಲೋಳೆಯ ದಿನ ಇರಬಹುದು. ಆ ರಾತ್ರಿ ಏನು ಮಾಡುವುದು ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡು, ಕಾಂಡೋಮ್ ಮನೆಯಲ್ಲಿ ಇಟ್ಟುಕೊಂಡಿದ್ದರೆ ಮಾತ್ರ ಈ ವಿಧಾನ ನಿಮಗೆ ಸಲ್ಲುತ್ತದೆ.

ಕಲಿಯಬೇಕೆಂದಿದ್ದರೆ ಗಂಡ ಸಮುದ್ರದಲ್ಲಿರುವ ದಿನಗಳು ಒಳ್ಳೆಯ ಸಮಯ. ಆಗ ವೀರ್ಯ ಬೆರೆತು ಗುರುತು ಗೊಂದಲವಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿದ್ದು ಗಂಡ ಮನೆಯಲ್ಲೇ ಇರುವ ಆ ಎರಡು ತಿಂಗಳು ಹೆಚ್ಚು ಎಚ್ಚರ ಬೇಕು. ಮಳೆಗಾಲಕ್ಕೆ ಮೊದಲೇ ಮೂರು ಚಕ್ರದ ಚಾರ್ಟ್ ಕೈಯಲ್ಲಿರಲಿ.

ಇಷ್ಟೆಲ್ಲ ಆಗದು ಎನ್ನಿಸಿದರೆ ಸಂಕೋಚ ಬೇಡ. ಒಂದು ಬಗೆಯ ಮಾತ್ರೆ ಒಗ್ಗಲಿಲ್ಲ ಎಂದರೆ ಬೇರೆ ದಾರಿ ಇಲ್ಲ ಎಂದಲ್ಲ. ವಾರದ ಮಾತ್ರೆ ‘ಛಾಯಾ’, ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದು ‘ಅಂತರಾ’, ಕಾಪರ್-ಟಿ, ನಿರೋಧ್ ಇವೆಲ್ಲ ಸರ್ಕಾರದ ಕುಟುಂಬ ಯೋಜನೆಯಲ್ಲಿ ಉಚಿತ. ನಿಮ್ಮ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ತೀರ್ಮಾನ: ‘ಮುಟ್ಟು ಮುಗಿದ ಮೇಲೆ 7 ದಿನ ಸೇಫ್’ ಎನ್ನುವ ಫಾರ್ವರ್ಡ್ ತಪ್ಪು. ದೇಹದ ಗುರುತುಗಳನ್ನು ಬರೆದು ಫಲವತ್ತಾದ ದಿನ ತಿಳಿಯುವ ವಿಧಾನ ನಿಜ, ಆದರೆ ಕಲಿಕೆ, ಶಿಸ್ತು ಮತ್ತು ಇಬ್ಬರ ಒಪ್ಪಿಗೆ ಬೇಕು. ಆ ಹಸಿರು ಕೆಂಪು ಚಿತ್ರ ನಿಮ್ಮ ಗ್ರೂಪಿಗೂ ಬಂದಿದ್ದರೆ ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರಿಗೆ ಈ ಲೇಖನ ಕಳುಹಿಸಿ. ಗಂಡಸರಿಗೂ ಕಳುಹಿಸಿ.